ಕಂಪನಿಗೊಂದು ತೆರಿಗೆ, ವ್ಯಕ್ತಿಗೊಂದು ತೆರಿಗೆ: ಒಂದು ಚೆಕ್‌ಬಾಕ್ಸ್ ನನ್ನನ್ನು ಆಡಿಸಿದ ಕಥೆ

2019ರ ಕೊನೆಗೆ ನನ್ನ ಪಾಲಿಗೆ ಬಂದ ಕೆಲಸ ಎರಡು ಸಾಲಿನದು. "ವ್ಯಕ್ತಿಗಳಿಗೆ ತೆರಿಗೆ ಹಾಕಬೇಕು, ಕಂಪನಿಗಳಿಗೆ ಹಾಕಬಾರದು. ಬಿಲ್ಲಿಂಗ್‌ನಲ್ಲಿ ಇದೊಂದು ಮಾಡಿಕೊಡಿ." ಕಳಿಸಿದ್ದು ಮಾರಾಟ ವಿಭಾಗ. ನಾವು ವೆಬ್ ಹೋಸ್ಟಿಂಗ್, ಅಂದರೆ ಜಾಲತಾಣಗಳಿಗೆ ಸರ್ವರ್‌ನಲ್ಲಿ ಜಾಗ, ಮಾರುತ್ತಿದ್ದೆವು. ಕಂಪನಿ ಐರ್ಲೆಂಡ್‌ನಲ್ಲಿ ನೋಂದಣಿಯಾಗಿತ್ತು, ಗ್ರಾಹಕರು ಯುರೋಪಿನ ಉದ್ದಗಲಕ್ಕೂ ಇದ್ದರು. ಕೊಂಡು ತಂದ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ದೇಶಕ್ಕೊಂದು ತೆರಿಗೆ ದರ ಬರೆಯಲು ಜಾಗ ಇತ್ತು. ಗ್ರಾಹಕರ ಪುಟದಲ್ಲಿ "ತೆರಿಗೆ ವಿನಾಯಿತಿ" ಎನ್ನುವ ಚೆಕ್‌ಬಾಕ್ಸ್ ಕೂಡ ಇತ್ತು. ಇನ್ನೇನು ಬೇಕು? ಶುಕ್ರವಾರಕ್ಕೆ ಮುಗಿಸುತ್ತೇನೆ ಅಂದೆ. ಯಾವ ಶುಕ್ರವಾರ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದೇ ಪುಣ್ಯ.

ನನ್ನ ಮೊದಲ ಕೋಡ್ ಆರೇ ಸಾಲು. ನೋಂದಣಿ ಫಾರ್ಮ್‌ನಲ್ಲಿ "ಕಂಪನಿ ಹೆಸರು" ಎಂಬ ಖಾನೆ ತುಂಬಿದ್ದರೆ ವಿನಾಯಿತಿಗೆ ಟಿಕ್, ಖಾಲಿ ಇದ್ದರೆ ಇಲ್ಲ. ಪರೀಕ್ಷೆಗೆಂದು ನಾನೇ ಎರಡು ಖಾತೆ ತೆರೆದೆ, ಎರಡೂ ಸರಿಯಾಗಿ ಬಂದವು. ನಿಜವಾದ ಗ್ರಾಹಕರ ಪಟ್ಟಿಯ ಮೇಲೆ ಓಡಿಸಿದಾಗ ಕಣ್ಣು ತೆರೆಯಿತು. ಜನ ಆ ಖಾನೆಯಲ್ಲಿ ಏನೇನು ಬರೆದಿದ್ದರು ಅಂತೀರಿ! ಕೆಲವರು ಒಂದು ಗೆರೆ ಎಳೆದಿದ್ದರು, ಕೆಲವರು "ಇಲ್ಲ" ಎಂದಿದ್ದರು, ಬಹಳ ಮಂದಿ ತಮ್ಮದೇ ಹೆಸರನ್ನು ಇನ್ನೊಮ್ಮೆ ಬರೆದಿದ್ದರು. ಒಬ್ಬರು "ವಿದ್ಯಾರ್ಥಿ" ಎಂದು ಬರೆದಿದ್ದರು. ಇವರೆಲ್ಲರೂ ನನ್ನ ಕೋಡಿನ ಕಣ್ಣಿಗೆ ಕಂಪನಿಗಳೇ.

ಹೆಸರು ನಂಬುವಂಥದ್ದಲ್ಲ ಎಂದಾದ ಮೇಲೆ ಗ್ರಾಹಕರ ಗುಂಪು ಮಾಡಲು ಹೊರಟೆ: ಒಂದು "ವೈಯಕ್ತಿಕ", ಇನ್ನೊಂದು "ಕಾರ್ಪೊರೇಟ್". ಸಾಫ್ಟ್‌ವೇರ್‌ನಲ್ಲಿ ಗುಂಪು ಎಂಬ ಸೌಲಭ್ಯ ಇತ್ತು, ಆದರೆ ಅದನ್ನು ಕಟ್ಟಿದವರು ರಿಯಾಯಿತಿ ಕೊಡುವುದಕ್ಕಾಗಿ ಕಟ್ಟಿದ್ದರು. ಗುಂಪಿಗೂ ತೆರಿಗೆಗೂ ನಂಟೇ ಇರಲಿಲ್ಲ. ಇನ್ವಾಯ್ಸ್ ಹುಟ್ಟುವ ಕ್ಷಣದಲ್ಲಿ ನಮ್ಮ ಕೋಡ್ ನುಗ್ಗಿಸಲು ಒಂದು ಹುಕ್ ಇತ್ತು, ಅಷ್ಟೇ. ಅಲ್ಲಿಂದ ಕೈ ಹಾಕಿ ಗುಂಪು ನೋಡಿ ತೆರಿಗೆ ತೆಗೆಯುವ ಕೋಡ್ ಬರೆದೆ. ಕೆಲಸ ಮಾಡಿತು. ಹೆಮ್ಮೆಯಿಂದ ಲೆಕ್ಕಪತ್ರ ವಿಭಾಗದ ಮೇಡಂಗೆ ಒಂದು ಕಂಪನಿಯ ಇನ್ವಾಯ್ಸ್ ತೋರಿಸಿದೆ. ತೆರಿಗೆಯ ಸಾಲಿನಲ್ಲಿ ಚೆಂದವಾಗಿ 0.00.

ಅವರು ಒಂದೇ ಪ್ರಶ್ನೆ ಕೇಳಿದರು: "ಇದು ಯಾವ ಸೊನ್ನೆ?"

ಸೊನ್ನೆಯಲ್ಲಿ ಯಾವುದು ಅಂತ ಏನು ಮೇಡಂ, ಸೊನ್ನೆ ಅಂದರೆ ಸೊನ್ನೆ ಅಂದೆ. ಅವರು ಕುರ್ಚಿ ಎಳೆದು ಕೂರಿಸಿದರು. ಆ ಒಂದು ಗಂಟೆಯಲ್ಲಿ ನಾನು ಕಲಿತದ್ದರ ಮೇಲೆಯೇ ಮುಂದಿನ ಒಂದೂವರೆ ವರ್ಷದ ಕೆಲಸವೆಲ್ಲ ನಿಂತಿತು.

ಅವರು ಹೇಳಿದ್ದರ ಸಾರ ಇದು. ಯುರೋಪಿಯನ್ ಒಕ್ಕೂಟದಲ್ಲಿ ವೆಬ್ ಹೋಸ್ಟಿಂಗ್ ಎಂಬುದು ಎಲೆಕ್ಟ್ರಾನಿಕ್ ಸೇವೆಗಳ ಪಟ್ಟಿಯಲ್ಲಿ ಬರುತ್ತದೆ. 2015ರ ಜನವರಿ 1ರಿಂದ ಇಂಥ ಸೇವೆಯನ್ನು ಖಾಸಗಿ ವ್ಯಕ್ತಿಗೆ ಮಾರಿದರೆ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಹಾಕಬೇಕಾದ್ದು ಮಾರುವವನ ದೇಶದ ದರದಲ್ಲಲ್ಲ, ಕೊಳ್ಳುವವನ ದೇಶದ ದರದಲ್ಲಿ. ಜರ್ಮನಿಯವನಿಗೆ 19%, ಫ್ರಾನ್ಸಿನವನಿಗೆ 20%, ಹಂಗೇರಿಯವನಿಗೆ 27%. ಹೀಗೆ ವಸೂಲಾದದ್ದನ್ನು ಆಗ ಮಾಸ್ ಎಂದು ಕರೆಯುತ್ತಿದ್ದ ಒಂದೇ ಕಿಟಕಿಯ ವ್ಯವಸ್ಥೆಯಲ್ಲಿ ಒಟ್ಟಿಗೆ ಕಟ್ಟಬಹುದು. ವರ್ಷಕ್ಕೆ 10,000 ಯೂರೊಗಿಂತ ಕಡಿಮೆ ಗಡಿಯಾಚೆಗಿನ ವ್ಯಾಪಾರ ಇದ್ದವರು ತಮ್ಮ ದೇಶದ ದರವನ್ನೇ ಹಾಕಬಹುದು ಎಂಬ ಸಡಿಲಿಕೆ 2019ರಲ್ಲಿ ಬಂದಿತ್ತು. ನಾವು ಆ ಗೆರೆ ದಾಟಿದ್ದೆವು.

ಬೇರೆ ಸದಸ್ಯ ದೇಶದ ಕಂಪನಿಗೆ ಮಾರಿದರೆ ತೆರಿಗೆ ಮಾಯವಾಗುವುದಿಲ್ಲ, ಕೈ ಬದಲಾಗುತ್ತದೆ. ಕಟ್ಟುವ ಹೊಣೆ ಮಾರಿದವನಿಂದ ಕೊಂಡವನಿಗೆ ಹೋಗುತ್ತದೆ. ಇದನ್ನೇ ರಿವರ್ಸ್ ಚಾರ್ಜ್ ಅನ್ನುವುದು. ಇನ್ವಾಯ್ಸ್ ಮೇಲೆ ಆ ಎರಡು ಪದಗಳನ್ನೂ ಕೊಂಡವನ ವ್ಯಾಟ್ ನಂಬರನ್ನೂ ಅಚ್ಚು ಮಾಡಲೇಬೇಕು. ಯಾರ್ಯಾರಿಗೆ ಹೀಗೆ ಮಾರಿದೆವು ಎಂಬ ಪಟ್ಟಿಯನ್ನು ತೆರಿಗೆ ಇಲಾಖೆಗೆ ಬೇರೆಯಾಗಿ ಕೊಡಬೇಕು. ಒಕ್ಕೂಟದ ಹೊರಗಿನ ಕಂಪನಿಗೆ ಮಾರಿದರೂ ಇನ್ವಾಯ್ಸ್‌ನಲ್ಲಿ ಸೊನ್ನೆಯೇ, ಆದರೆ ಅದು ವ್ಯಾಪ್ತಿಯ ಹೊರಗಿನ ಸೊನ್ನೆ, ಆ ಪಟ್ಟಿಗೆ ಸೇರುವುದಿಲ್ಲ. ಐರ್ಲೆಂಡ್‌ನದೇ ಕಂಪನಿಗೆ ಮಾರಿದರೆ ಸೊನ್ನೆಯೇ ಇಲ್ಲ, ವ್ಯಕ್ತಿಗೆ ಹಾಕಿದ ಹಾಗೇ 23%. ಅವರು ಅದನ್ನು ತಮ್ಮ ರಿಟರ್ನ್ಸ್‌ನಲ್ಲಿ ತಾವು ಕಟ್ಟಬೇಕಾದ ತೆರಿಗೆಯಿಂದ ಕಡಿತ ಮಾಡಿಕೊಳ್ಳುತ್ತಾರೆ.

ಎಂದರೆ "ಕಂಪನಿಗಳಿಗೆ ತೆರಿಗೆ ಬೇಡ" ಎಂದು ಮಾರಾಟ ವಿಭಾಗ ಕಳಿಸಿದ ಆ ವಾಕ್ಯವೇ ತಪ್ಪು. ನನ್ನ ಕೋಡ್ ಐರಿಷ್ ಕಂಪನಿಗಳಿಗೂ ತೆರಿಗೆ ಬಿಟ್ಟುಕೊಟ್ಟು ಕೂತಿತ್ತು. ಅಷ್ಟರಲ್ಲಿ ಹೋದದ್ದು ಪರೀಕ್ಷೆಯ ಇನ್ವಾಯ್ಸ್‌ಗಳು ಮಾತ್ರ ಎಂಬುದು ನನ್ನ ಅದೃಷ್ಟ.

ಆ ಸಂಜೆ ಚೆಕ್‌ಬಾಕ್ಸನ್ನು ಕೈಬಿಟ್ಟೆ. ಇನ್ವಾಯ್ಸ್ ಟೇಬಲ್‌ಗೆ "ಕಾರಣ" ಎಂಬ ಹೊಸ ಕಾಲಂ ಸೇರಿಸಿದೆ. ಕೋಡ್ ಇನ್ನು ಮೇಲೆ ಎಷ್ಟು ತೆರಿಗೆ ಎಂದು ಹೇಳುವ ಮೊದಲು ಏಕೆ ಅಷ್ಟು ಎಂದು ಹೇಳಬೇಕು. ಸ್ವದೇಶಿ ಮಾರಾಟ, ಸದಸ್ಯ ದೇಶದ ಖಾಸಗಿ ಗ್ರಾಹಕ, ರಿವರ್ಸ್ ಚಾರ್ಜ್, ವ್ಯಾಪ್ತಿಯ ಹೊರಗೆ: ಈ ನಾಲ್ಕರಲ್ಲಿ ಒಂದು ಇಲ್ಲದೆ ಯಾವ ಇನ್ವಾಯ್ಸೂ ಹೊರಡಕೂಡದು. ದರ ಆ ಕಾರಣದಿಂದ ತಾನಾಗಿ ಇಳಿದು ಬರುತ್ತದೆ. ಪ್ರಶ್ನೆಗಳ ಸರದಿಯೂ ಮುಖ್ಯ: ಗ್ರಾಹಕ ನಮ್ಮ ದೇಶದವನೇ ಎಂಬುದು ಮೊದಲು, ಒಕ್ಕೂಟದ ಒಳಗೋ ಹೊರಗೋ ಎಂಬುದು ಆಮೇಲೆ, ವ್ಯಾಪಾರಿಯೋ ಅಲ್ಲವೋ ಎಂಬುದು ಕಟ್ಟಕಡೆಗೆ. ನಾನು ಕಟ್ಟಕಡೆಯದನ್ನೇ ಮೊದಲು ಕೇಳಿ ಮುಗ್ಗರಿಸಿದ್ದೆ.

ಈಗ ಉಳಿದದ್ದು ವ್ಯಾಪಾರಿ ಎಂದು ಗೊತ್ತುಮಾಡಿಕೊಳ್ಳುವುದು ಹೇಗೆ ಎಂಬುದು. ಉತ್ತರ ವ್ಯಾಟ್ ನಂಬರ್. ಕಂಪನಿಯೋ ವ್ಯಕ್ತಿಯೋ ಎಂಬ ನಮ್ಮ ಭೇದ ಇಲ್ಲಿ ಪೂರಾ ಕುಸಿಯಿತು. ಮನೆಯಲ್ಲಿ ಒಬ್ಬರೇ ಕೂತು ಡಿಸೈನ್ ಮಾಡುವ ಫ್ರೀಲಾನ್ಸರ್‌ಗೆ ಕಂಪನಿ ಹೆಸರಿಲ್ಲ, ಆದರೆ ವ್ಯಾಟ್ ನಂಬರ್ ಇದೆ. ಅವರಿಗೆ ರಿವರ್ಸ್ ಚಾರ್ಜ್. ಇನ್ನೊಬ್ಬರಿಗೆ ಚೆಂದದ ಲೋಗೋ ಇರುವ ಸಂಸ್ಥೆ ಇದೆ, ಆದರೆ ಸಣ್ಣ ವ್ಯಾಪಾರದ ವಿನಾಯಿತಿಯಲ್ಲಿ ಇರುವುದರಿಂದ ನಂಬರ್ ತೆಗೆದುಕೊಂಡಿಲ್ಲ. "ನಾವು ಕಂಪನಿ ಅಲ್ಲವೇ, ನಮಗ್ಯಾಕೆ ತೆರಿಗೆ?" ಎಂದು ಅವರು ಬಹಳ ಸಿಟ್ಟಿನಿಂದ ಬರೆದರು. ಎಲೆಕ್ಟ್ರಾನಿಕ್ ಸೇವೆಯ ವಿಷಯದಲ್ಲಿ ನಿಯಮ ಮಾರುವವನ ಪರವಾಗಿಯೇ ಇದೆ: ಗ್ರಾಹಕ ತನ್ನ ವ್ಯಾಟ್ ನಂಬರ್ ತಿಳಿಸುವ ತನಕ ಅವನನ್ನು ಖಾಸಗಿ ಗ್ರಾಹಕ ಎಂದು ಎಣಿಸಬಹುದು, ಬೇರೆ ಏನೇ ಮಾಹಿತಿ ಇದ್ದರೂ. ಅವರಿಗೆ ಅದನ್ನು ವಿನಯದಿಂದ ವಿವರಿಸಿ ಬರೆಯಲು ನನಗೆ ಕೋಡ್ ಬರೆದಷ್ಟೇ ಹೊತ್ತು ಹಿಡಿಯಿತು.

ಹೀಗಾಗಿ ಫಾರ್ಮ್‌ನಲ್ಲಿದ್ದ "ವೈಯಕ್ತಿಕ / ಕಾರ್ಪೊರೇಟ್" ಆಯ್ಕೆಯನ್ನೇ ಕಿತ್ತುಹಾಕಿದೆವು. "ನಿಮ್ಮಲ್ಲಿ ವ್ಯಾಟ್ ನಂಬರ್ ಇದೆಯೇ?" ಎಂಬ ಒಂದು ಪ್ರಶ್ನೆ ಉಳಿಸಿದೆವು. ಮಾರಾಟ ವಿಭಾಗಕ್ಕೆ ಇದು ಹಿಡಿಸಲಿಲ್ಲ, ಅವರಿಗೆ ಕಾರ್ಪೊರೇಟ್ ಗ್ರಾಹಕರ ಎಣಿಕೆ ಬೇಕಿತ್ತು. ಅದಕ್ಕೆ ಬೇರೆ ಖಾನೆ ಕೊಟ್ಟೆ. ತೆರಿಗೆಯ ಕೋಡ್ ಆ ಖಾನೆಯತ್ತ ತಿರುಗಿಯೂ ನೋಡದಂತೆ ಕಟ್ಟಿದೆ.

ನಂಬರ್ ಬರೆದರೆ ಸಾಲದು, ಅದು ಜೀವಂತವಾಗಿದೆಯೇ ನೋಡಬೇಕು. ಅದಕ್ಕೆ ಯುರೋಪಿಯನ್ ಆಯೋಗದ ವೈಸ್ (VIES) ಎಂಬ ಸೇವೆ ಇದೆ. ಇದನ್ನು ನಾನು ಒಂದು ದೊಡ್ಡ ಉಗ್ರಾಣ ಎಂದುಕೊಂಡಿದ್ದೆ. ಅಲ್ಲ, ಅದು ಬರೀ ಅಂಚೆಯಣ್ಣ. ನಾವು ಕೇಳಿದ್ದನ್ನು ಆಯಾ ದೇಶದ ದಾಖಲೆಗೆ ಕೇಳಿ, ಅಲ್ಲಿಂದ ಬಂದ ಉತ್ತರವನ್ನು ನಮಗೆ ತಲುಪಿಸುತ್ತದೆ. ಆ ದೇಶದ ಸರ್ವರ್ ಮಲಗಿದ್ದರೆ ಉತ್ತರ "ಹೌದು" ಅಲ್ಲ, "ಇಲ್ಲ"ವೂ ಅಲ್ಲ, "ಈಗ ಸಿಗುತ್ತಿಲ್ಲ". ನನ್ನ ಕೋಡ್‌ಗೆ ಈ ಮೂರನೆಯ ಉತ್ತರ ಗೊತ್ತಿರಲಿಲ್ಲ. ಸಿಗದಿದ್ದರೆ ಸುಳ್ಳು ನಂಬರ್ ಎಂದು ತೀರ್ಮಾನಿಸಿ ತೆರಿಗೆ ಹಾಕುತ್ತಿತ್ತು. ವಾರಾಂತ್ಯದ ಒಂದು ರಾತ್ರಿ ಒಂದು ದೇಶದ ಸೇವೆ ಕೈಕೊಟ್ಟಿತು. ಬೆಳಗಾಗುವಷ್ಟರಲ್ಲಿ ಆ ದೇಶದ ನವೀಕರಣದ ಇನ್ವಾಯ್ಸ್‌ಗಳೆಲ್ಲ ತೆರಿಗೆ ಹೊತ್ತುಕೊಂಡು ಹೊರಟಿದ್ದವು. ಪ್ರತಿಯೊಂದಕ್ಕೂ ಹಳೆಯ ಇನ್ವಾಯ್ಸನ್ನು ತಿರುಗಿಸುವ ಕ್ರೆಡಿಟ್ ನೋಟ್ ಹೊರಡಿಸಿ, ಹೊಸ ಇನ್ವಾಯ್ಸ್ ಕಳಿಸಿ, ಕ್ಷಮೆ ಕೇಳಿ ಆಯಿತು.

ಅದಾದ ಮೇಲೆ ಹೊಸ ನಿಯಮ: ಮೊದಲೇ ಪರಿಶೀಲಿಸಿದ ನಂಬರ್ ಆಗಿದ್ದರೆ, ಸೇವೆ ಸಿಗದ ಹೊತ್ತಿನಲ್ಲಿ ಹಿಂದಿನ ಉತ್ತರವನ್ನೇ ನಂಬಿ ಮುಂದುವರಿ, ಆದರೆ ಮರುಪರಿಶೀಲನೆಯ ಸಾಲಿಗೆ ಹಾಕು. ಹೊಸ ಗ್ರಾಹಕನಾಗಿದ್ದರೆ ಇನ್ವಾಯ್ಸನ್ನೇ ತಡೆಹಿಡಿ. ಜೊತೆಗೆ ನಮ್ಮ ವ್ಯಾಟ್ ನಂಬರನ್ನೂ ಸೇರಿಸಿ ಕೇಳಿದರೆ ವೈಸ್ ಒಂದು ವಿಚಾರಣಾ ಸಂಖ್ಯೆ ಕೊಡುತ್ತದೆ. ಆ ದಿನ ನಾವು ನೋಡಿದ್ದೆವು ಎಂಬುದಕ್ಕೆ ಅದೇ ಸಾಕ್ಷಿ. ಅದನ್ನೂ ಇನ್ವಾಯ್ಸ್ ಜೊತೆ ಇಟ್ಟೆವು.

ಸಣ್ಣಪುಟ್ಟ ಕಿರಿಕಿರಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗ್ರೀಸಿನ ದೇಶ ಸಂಕೇತ ಎಲ್ಲ ಕಡೆಯೂ ಜಿಆರ್, ವ್ಯಾಟ್ ನಂಬರಿನಲ್ಲಿ ಮಾತ್ರ ಇಎಲ್. ಅದು ಗೊತ್ತಾಗುವ ತನಕ ನಮ್ಮಲ್ಲಿ ಒಬ್ಬನೇ ಒಬ್ಬ ಗ್ರೀಕ್ ವ್ಯಾಪಾರಿಯೂ ಪಾಸಾಗಿರಲಿಲ್ಲ. ನೆದರ್ಲೆಂಡ್ಸ್‌ನಲ್ಲಿ 2020ರ ಜನವರಿ 1ರಿಂದ ಒಬ್ಬರೇ ನಡೆಸುವ ವ್ಯಾಪಾರಗಳಿಗೆಲ್ಲ ಹೊಸ ವ್ಯಾಟ್ ಗುರುತು ಸಂಖ್ಯೆ ಬಂತು. ಹಳೆಯದರೊಳಗೆ ಆ ವ್ಯಕ್ತಿಯ ನಾಗರಿಕ ಸಂಖ್ಯೆಯೇ ಅಡಗಿರುತ್ತಿತ್ತು, ಇನ್ವಾಯ್ಸ್‌ನಲ್ಲಿ ಅಚ್ಚಾಗಿ ಊರಿಗೆಲ್ಲ ಗೊತ್ತಾಗುತ್ತಿತ್ತು ಎಂಬುದು ಕಾರಣ. ನಾವು ಆ ತಿಂಗಳೇ ಹೊಸ ವ್ಯವಸ್ಥೆಯನ್ನು ಚಾಲೂ ಮಾಡಿದ್ದರಿಂದ, ಡಚ್ ಫ್ರೀಲಾನ್ಸರ್‌ಗಳ ಹಳೆಯ ನಂಬರ್‌ಗಳೆಲ್ಲ ಒಂದರ ಹಿಂದೊಂದು ಬಿದ್ದವು. ನನ್ನ ಕೋಡ್‌ನಲ್ಲಿ ತಪ್ಪಿದೆಯೆಂದು ಎರಡು ದಿನ ಹುಡುಕಿದೆ.

ಕಳ್ಳತನದ ಮಾತೂ ಬಂತು. ಜರ್ಮನಿಯಲ್ಲಿ ವ್ಯಾಪಾರಿ ಜಾಲತಾಣಗಳು ತಮ್ಮ ವಿವರದ ಪುಟದಲ್ಲಿ ವ್ಯಾಟ್ ಗುರುತು ಸಂಖ್ಯೆ ಇದ್ದರೆ ಅದನ್ನು ಪ್ರಕಟಿಸಲೇಬೇಕು. ಯಾರದೋ ದೊಡ್ಡ ಕಂಪನಿಯ ನಂಬರ್ ನಕಲು ಮಾಡಿ ನಮ್ಮ ಫಾರ್ಮ್‌ಗೆ ಅಂಟಿಸಿದರೆ 19% ಉಳಿತಾಯ. ಜರ್ಮನಿ ವೈಸ್ ಮೂಲಕ ನಂಬರ್ ಸರಿಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ, ಯಾರದ್ದು ಎಂದು ಹೆಸರು ಹೇಳುವುದಿಲ್ಲ. ಒಂದೇ ನಂಬರ್ ಬೇರೆ ಬೇರೆ ಖಾತೆಗಳಲ್ಲಿ ಕಂಡಾಗ ನಮಗೆ ಅನುಮಾನ ಬಂದದ್ದು. ಆಮೇಲೆ ಅದೇ ನಂಬರ್ ಎರಡನೇ ಸಲ ಬಂದರೆ ಮನುಷ್ಯರೊಬ್ಬರು ನೋಡಿ ಒಪ್ಪುವ ತನಕ ಖಾಸಗಿ ಗ್ರಾಹಕರ ದರವೇ ಬೀಳುವಂತೆ ಮಾಡಿದೆವು.

ಇಷ್ಟೆಲ್ಲ ಆದರೂ ನನ್ನ ಅತಿ ದೊಡ್ಡ ತಪ್ಪು ತೆರಿಗೆಯ ನಿಯಮದಲ್ಲಿ ಆಗಲಿಲ್ಲ, ಗುಣಾಕಾರದಲ್ಲಿ ಆಯಿತು. ಖಾಸಗಿ ಗ್ರಾಹಕರಿಗೆ ತೆರಿಗೆ ಸೇರಿಸಿದ ಬೆಲೆ ತೋರಿಸಬೇಕು. ವ್ಯಾಪಾರಿಗಳು ತೆರಿಗೆ ಬಿಟ್ಟ ಬೆಲೆ ಕೇಳುತ್ತಾರೆ. ನಮ್ಮ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಇದ್ದದ್ದು ಇಡೀ ವ್ಯವಸ್ಥೆಗೆ ಒಂದೇ ಸ್ವಿಚ್: ಬೆಲೆಯಲ್ಲಿ ತೆರಿಗೆ ಒಳಗೋ ಹೊರಗೋ. ನಾವು ಒಳಗೆ ಎಂದು ಇಟ್ಟಿದ್ದೆವು. 123 ಯೂರೊ ಎಂದರೆ 100 ನಮ್ಮದು, 23 ತೆರಿಗೆ. ರಿವರ್ಸ್ ಚಾರ್ಜ್ ಇನ್ವಾಯ್ಸ್‌ನಲ್ಲಿ ತೆರಿಗೆ ಸೊನ್ನೆ ಮಾಡಿದಾಗ ಸಾಫ್ಟ್‌ವೇರ್ ಏನು ಮಾಡಿತು? 123 ಬೆಲೆ, ತೆರಿಗೆ 0, ಒಟ್ಟು 123. ಅಲ್ಲಿಗೆ ಕಂಪನಿ ಗ್ರಾಹಕನಿಂದ 23 ಯೂರೊ ಹೆಚ್ಚಿಗೆ ಕಿತ್ತುಕೊಂಡಂತಾಯಿತು. ಅದರ ಮೇಲೆ ಅವನು ತನ್ನ ದೇಶದ ತೆರಿಗೆಯನ್ನೂ ಲೆಕ್ಕ ಹಾಕಿಕೊಳ್ಳಬೇಕು.

ಗಾಬರಿಯಲ್ಲಿ ಸರಿಪಡಿಸಲು ಹೋಗಿ ಇನ್ನೊಂದು ತಪ್ಪು ಮಾಡಿದೆ. 23% ತೆಗೆಯಬೇಕಲ್ಲ ಎಂದು 123ನ್ನು 0.77ರಿಂದ ಗುಣಿಸಿದೆ. ಬಂದದ್ದು 94.71. ತೆಗೆಯಬೇಕಾದದ್ದು 123ರ ಮೇಲಿನ 23% ಅಲ್ಲ, 100ರ ಮೇಲಿನದು, 1.23ರಿಂದ ಭಾಗಿಸಬೇಕು. ಹೈಸ್ಕೂಲಿನ ಲೆಕ್ಕ. ಈ ಸಲ ನಷ್ಟ ನಮ್ಮದು, ಆದ್ದರಿಂದ ಯಾವ ಗ್ರಾಹಕನೂ ದೂರು ಕೊಡಲಿಲ್ಲ. ಮೂರು ವಾರ ಅದು ಹಾಗೇ ಓಡಿತು. ಜಾಸ್ತಿ ತೆಗೆದುಕೊಂಡರೆ ಅರ್ಧ ಗಂಟೆಗೆ ಪತ್ರ ಬರುತ್ತದೆ, ಕಡಿಮೆ ತೆಗೆದುಕೊಂಡರೆ ಜಗತ್ತೇ ಮೌನ.

ಕೊನೆಗೆ ಮೂಲ ಬೆಲೆಯನ್ನು ಯಾವಾಗಲೂ ತೆರಿಗೆ ಬಿಟ್ಟೇ ಇಟ್ಟುಕೊಂಡು, ಪರದೆಯಲ್ಲಿ ತೋರಿಸುವಾಗ ಮಾತ್ರ ಗ್ರಾಹಕನಿಗೆ ತಕ್ಕಂತೆ ಸೇರಿಸುವ ದಾರಿ ಹಿಡಿದೆವು. ಅದರಿಂದ ಹಂಗೇರಿಯ ವ್ಯಕ್ತಿಗೂ ಜರ್ಮನಿಯ ವ್ಯಕ್ತಿಗೂ ಕಾಣುವ ಬೆಲೆ ಬೇರೆ ಬೇರೆಯಾಯಿತು. ಎಲ್ಲರಿಗೂ ಒಂದೇ ಬೆಲೆ ತೋರಿಸಿ ವ್ಯತ್ಯಾಸವನ್ನು ನಾವೇ ನುಂಗೋಣ ಎಂಬ ವಾದವೂ ಇತ್ತು. ಬೇಡ ಎಂದದ್ದು ಲೆಕ್ಕದ ಮೇಡಂ. ನನಗೂ ಅದೇ ಸರಿ ಅನ್ನಿಸಿತ್ತು.

ರೌಂಡಿಂಗ್ ಬಗ್ಗೆ ಒಂದೇ ಉದಾಹರಣೆ ಸಾಕು. 3.33 ಯೂರೊದ ಮೂರು ಸಾಲು. ಸಾಲು ಸಾಲಿಗೆ 23% ಹಾಕಿ ದುಂಡು ಮಾಡಿದರೆ 0.77ರಂತೆ 2.31. ಒಟ್ಟು 9.99ರ ಮೇಲೆ ಹಾಕಿದರೆ 2.30. ಬಿಲ್ಲಿಂಗ್ ಒಂದು ಥರ ಮಾಡುತ್ತಿತ್ತು, ಲೆಕ್ಕದ ಸಾಫ್ಟ್‌ವೇರ್ ಇನ್ನೊಂದು ಥರ. ಆ ಒಂದು ಸೆಂಟಿಗಾಗಿ ಮೇಡಂ ಪ್ರತಿ ತಿಂಗಳ ಕೊನೆಗೆ ಎರಡು ದಿನ ತಾಳೆ ನೋಡುತ್ತಿದ್ದರಂತೆ. ಮೊದಲೇ ಹೇಳಬಾರದಿತ್ತೇ ಎಂದರೆ, "ನೀವು ಕೇಳಲಿಲ್ಲವಲ್ಲ" ಅಂದರು.

2020ರಲ್ಲಿ ದರಗಳೇ ಅಲುಗಾಡಿದವು. ಕೋವಿಡ್ ಹೊಡೆತ ತಗ್ಗಿಸಲೆಂದು ಜರ್ಮನಿ ಜುಲೈ 1ರಿಂದ ಡಿಸೆಂಬರ್ 31ರವರೆಗೆ 19%ನ್ನು 16%ಗೆ ಇಳಿಸಿತು. ಐರ್ಲೆಂಡ್ ಸೆಪ್ಟೆಂಬರ್ 1ರಿಂದ 2021ರ ಫೆಬ್ರವರಿ 28ರವರೆಗೆ 23%ನ್ನು 21% ಮಾಡಿತು. ಸಾಫ್ಟ್‌ವೇರ್‌ನಲ್ಲಿ ದೇಶಕ್ಕೆ ಒಂದು ದರ, ಅದಕ್ಕೆ ತಾರೀಖು ಇಲ್ಲ. ಜೂನ್ 30ರ ರಾತ್ರಿ ಕೂತು ಕೈಯಿಂದಲೇ 19 ಅಳಿಸಿ 16 ಬರೆದೆ. ಕೆಲಸ ಆಯಿತು ಅಂದುಕೊಂಡು ಮಲಗಿದೆ. ಜುಲೈ ಎರಡನೇ ವಾರ ಜರ್ಮನಿಯ ಒಬ್ಬ ಖಾಸಗಿ ಗ್ರಾಹಕ ಮೇ ತಿಂಗಳ ಇನ್ವಾಯ್ಸ್‌ನ ಹಣ ವಾಪಸ್ ಕೇಳಿದ. ಕ್ರೆಡಿಟ್ ನೋಟ್ 16%ನಲ್ಲಿ ಹುಟ್ಟಿತು, ಮೂಲ ಇನ್ವಾಯ್ಸ್ 19%ನಲ್ಲಿತ್ತು. ಅವನಿಗೆ ಬರಬೇಕಾದ ತೆರಿಗೆಯ ಒಂದು ಚೂರು ನಮ್ಮಲ್ಲೇ ಉಳಿಯಿತು. ಕ್ರೆಡಿಟ್ ನೋಟ್ ಎಂಬುದು ಇವತ್ತಿನ ದರವನ್ನು ನೋಡಬಾರದು, ತಾನು ಯಾವ ಇನ್ವಾಯ್ಸನ್ನು ತಿರುಗಿಸುತ್ತಿದೆಯೋ ಅದರ ದರವನ್ನು ನೋಡಬೇಕು.

ಆಗ ದರದ ಟೇಬಲ್‌ಗೆ "ಎಂದಿನಿಂದ", "ಎಂದಿನವರೆಗೆ" ಎಂಬ ಎರಡು ಕಾಲಂ ಬಂದವು. ಅದರ ಜೊತೆಗೇ ಇನ್ನೊಂದು ಗಟ್ಟಿ ತೀರ್ಮಾನವನ್ನೂ ಮಾಡಿದೆವು: ಇನ್ವಾಯ್ಸ್ ಹುಟ್ಟಿದ ಮೇಲೆ ಅದು ಗ್ರಾಹಕರ ಪುಟದತ್ತ ನೋಡಕೂಡದು. ಹೆಸರು, ವಿಳಾಸ, ವ್ಯಾಟ್ ನಂಬರ್, ವೈಸ್ ವಿಚಾರಣಾ ಸಂಖ್ಯೆ, ಕಾರಣ, ದರ, ಎಲ್ಲವನ್ನೂ ಆ ಕ್ಷಣದಲ್ಲಿ ಇದ್ದ ಹಾಗೆ ಇನ್ವಾಯ್ಸ್‌ನೊಳಗೇ ನಕಲು ಮಾಡಿ ಇಟ್ಟೆವು. ಅದಕ್ಕೂ ಮೊದಲು, ಗ್ರಾಹಕ ವಿಳಾಸ ಬದಲಿಸಿದರೆ ಎರಡು ವರ್ಷದ ಹಿಂದಿನ ಇನ್ವಾಯ್ಸ್‌ಗಳ ಪಿಡಿಎಫ್ ಕೂಡ ಹೊಸ ವಿಳಾಸ ತೊಟ್ಟುಕೊಂಡು ಬರುತ್ತಿತ್ತು! ಗಡಿಯಾಚೆಗಿನ ಈ ಮಾರಾಟದ ದಾಖಲೆಗಳನ್ನು 10 ವರ್ಷ ಇಟ್ಟಿರಬೇಕು. ಹತ್ತು ವರ್ಷದಲ್ಲಿ ಎಷ್ಟು ಜನ ಮನೆ ಬದಲಿಸುವುದಿಲ್ಲ?

ಈ ನಕಲು ಇಟ್ಟದ್ದರ ಬೆಲೆ ತಿಳಿದದ್ದು 2021ರ ಜನವರಿ 1ರ ಬೆಳಿಗ್ಗೆ. ಬ್ರಿಟನ್ ಒಕ್ಕೂಟದ ತೆರಿಗೆ ವ್ಯವಸ್ಥೆಯಿಂದ ಹೊರಗೆ ಹೋಗುವ ದಿನ ಅದು ಎಂದು ನಮಗೆ ಗೊತ್ತಿತ್ತು. ದೇಶಗಳ ಪಟ್ಟಿಯನ್ನು ಬದಲಿಸಲು ಒಂದು ಕೆಲಸವನ್ನೂ ನಿಗದಿ ಮಾಡಿದ್ದೆ. ಆದರೆ ಮರುಪರಿಶೀಲನೆ ಮಾಡುವ ಪ್ರೋಗ್ರಾಂ ಅದಕ್ಕಿಂತ ಒಂದು ಗಂಟೆ ಮೊದಲು ಓಡಿತು. ಜಿಬಿ ಎಂದು ಶುರುವಾಗುವ ಬ್ರಿಟಿಷ್ ನಂಬರ್‌ಗಳಿಗೆ ವೈಸ್‌ನಲ್ಲಿ ಜಾಗವೇ ಇರಲಿಲ್ಲ. ಉತ್ತರ ಐರ್ಲೆಂಡ್‌ನ ಸರಕು ವ್ಯಾಪಾರಕ್ಕೆ ಎಕ್ಸ್‌ಐ ಎಂಬ ಹೊಸ ಸಂಕೇತ ಮಾತ್ರ ಉಳಿದಿತ್ತು. ನಮ್ಮ ಬ್ರಿಟಿಷ್ ವ್ಯಾಪಾರಿಗಳೆಲ್ಲ ಒಂದೇ ಏಟಿಗೆ ಖಾಸಗಿ ಗ್ರಾಹಕರಾಗಿಬಿಟ್ಟರು, ಹೊಸ ವರ್ಷದ ಮೊದಲ ಇನ್ವಾಯ್ಸ್‌ಗಳಲ್ಲಿ 20% ಕೂತಿತ್ತು. ಈ ಸಲ ಯಾವ ಇನ್ವಾಯ್ಸ್ ಯಾವ ಕಾರಣಕ್ಕೆ ಕೆಟ್ಟಿತು ಎಂದು ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಕಾರಣದ ಕಾಲಂನಲ್ಲಿ ನಿನ್ನೆ "ರಿವರ್ಸ್ ಚಾರ್ಜ್", ಇವತ್ತು "ಖಾಸಗಿ ಗ್ರಾಹಕ" ಎಂದಿರುವ ಜಿಬಿಗಳನ್ನು ಕೇಳಿದೆ, ಪಟ್ಟಿ ಬಂತು. ಮಧ್ಯಾಹ್ನದೊಳಗೆ ಸರಿಪಡಿಸಿ ಕಳಿಸಿದೆವು. ಬ್ರಿಟಿಷ್ ನಂಬರ್‌ಗಳನ್ನು ಪರಿಶೀಲಿಸಲು ಅವರದೇ ತೆರಿಗೆ ಇಲಾಖೆಯ ಸೇವೆಗೆ ಬೇರೆ ಕೊಂಡಿ ಹಾಕಬೇಕಾಯಿತು.

ಖಾಸಗಿ ಗ್ರಾಹಕ ಯಾವ ದೇಶದವನು ಎಂಬುದಕ್ಕೂ ಸಾಕ್ಷಿ ಬೇಕು. ಬಿಲ್ಲಿಂಗ್ ವಿಳಾಸ, ಐಪಿ ವಿಳಾಸ, ಕಾರ್ಡ್ ಕೊಟ್ಟ ಬ್ಯಾಂಕಿನ ದೇಶ, ಇಂಥವುಗಳಲ್ಲಿ ಒಂದಕ್ಕೊಂದು ಹೊಂದುವ ಎರಡು ಸಾಕ್ಷಿ ಇರಬೇಕು. ಈ ಭಾಗ ಬೇಸರದ್ದು, ಬಿಟ್ಟುಬಿಡುತ್ತೇನೆ. ಆದರೆ ಅಂಚೆ ಸಂಖ್ಯೆಗಳ ಮಾತು ಹೇಳದೆ ಇರಲಾರೆ. ಸ್ಪೇನ್ ಎಂದರೆ ಇಡೀ ಸ್ಪೇನ್ ಅಲ್ಲ. ಅಂಚೆ ಸಂಖ್ಯೆ 35 ಅಥವಾ 38ರಿಂದ ಶುರುವಾದರೆ ಅದು ಕೆನರಿ ದ್ವೀಪಗಳು, ಒಕ್ಕೂಟದ ವ್ಯಾಟ್ ಅಲ್ಲಿಗೆ ತಲುಪುವುದಿಲ್ಲ. 51 ಮತ್ತು 52 ಆಫ್ರಿಕಾದ ಅಂಚಿನಲ್ಲಿರುವ ಸ್ಯೂಟಾ, ಮೆಲಿಯಾ, ಅಲ್ಲಿಗೂ ಇಲ್ಲ. ಇನ್ನು ಬ್ಯೂಸಿಂಗನ್ ಎಂಬ ಜರ್ಮನ್ ಹಳ್ಳಿಯಿದೆ, ಸುತ್ತಲೂ ಸ್ವಿಟ್ಜರ್‌ಲೆಂಡ್. ಅಂಚೆ ಸಂಖ್ಯೆ 78266. ದೇಶ ಜರ್ಮನಿ, ಒಕ್ಕೂಟದ ವ್ಯಾಟ್ ಮಾತ್ರ ಇಲ್ಲ. ನಮಗೆ ಅಲ್ಲಿಂದ ಒಬ್ಬ ಗ್ರಾಹಕನೂ ಇರಲಿಲ್ಲ. ಆದರೂ ಆ ಸಾಲು ಬರೆದೇ ಬರೆದೆ, ಬಹಳ ಪ್ರೀತಿಯಿಂದ.

ವ್ಯಾಪಾರಿ ಎನ್ನುವುದಕ್ಕೆ ಯುರೋಪಿನಾಚೆಯೂ ಇಂಥದ್ದೇ ಪುರಾವೆ ಕೇಳುತ್ತಾರೆ ಎಂಬುದು ಆಸ್ಟ್ರೇಲಿಯಾದ ನಿಯಮ ಓದುವಾಗ ಗೊತ್ತಾಯಿತು. ಹೊರದೇಶದಿಂದ ಮಾರುವ ಡಿಜಿಟಲ್ ಸೇವೆಗಳಿಗೆ ಅಲ್ಲಿ 2017ರ ಜುಲೈ 1ರಿಂದ 10% ಜಿಎಸ್‌ಟಿ ಇದೆ. ಕೊಳ್ಳುವವನು ತನ್ನ ವ್ಯಾಪಾರ ಸಂಖ್ಯೆಯಾದ ಎಬಿಎನ್ ಕೊಟ್ಟರೆ ಸಾಲದು, ಜಿಎಸ್‌ಟಿಗೆ ನೋಂದಣಿಯಾಗಿದ್ದೇನೆ ಎಂದೂ ಹೇಳಬೇಕು. ಎಬಿಎನ್ ಇದ್ದು ನೋಂದಣಿ ಇಲ್ಲದವನು ತೆರಿಗೆಯ ಲೆಕ್ಕದಲ್ಲಿ ಖಾಸಗಿ ಗ್ರಾಹಕನೇ. "ಕಂಪನಿ ಹೆಸರು" ಖಾನೆಯನ್ನು ನಂಬಿ ಆರು ಸಾಲು ಬರೆದಿದ್ದೆನಲ್ಲ, ಅದು ಯಾವ ದೇಶದಲ್ಲಿಯೂ ನಡೆಯುತ್ತಿರಲಿಲ್ಲ.

2021ರ ಜುಲೈ 1ಕ್ಕೆ ಆ ಒಂದೇ ಕಿಟಕಿಯ ವ್ಯವಸ್ಥೆಯಾದ ಮಾಸ್ ಹೋಗಿ ಅದರ ಜಾಗಕ್ಕೆ ಓಎಸ್‌ಎಸ್ ಬಂತು, ಸರಕುಗಳೂ ಅದರೊಳಗೆ ಸೇರಿದವು. ನಾವು ಸರಕು ಮಾರುತ್ತಿರಲಿಲ್ಲವಾದ್ದರಿಂದ ನಮಗೆ ಬದಲಾದದ್ದು ಹೆಚ್ಚುಕಡಿಮೆ ವರದಿಯ ಹೆಸರು ಮಾತ್ರ. ಅಷ್ಟು ಹೊತ್ತಿಗೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆ.

ಮುಗಿದಿರಲಿಲ್ಲ. ಒಂದು ಬೆಳಿಗ್ಗೆ ಒಕ್ಕೂಟದ ಹೊರಗಿನ ದೊಡ್ಡ ಗ್ರಾಹಕ ಕಂಪನಿಯೊಂದರ ಸೈಟ್ ಬಂದ್ ಆಗಿತ್ತು. ನಮ್ಮ ಬಿಲ್ಲಿಂಗೇ ರಾತ್ರಿ ಅದನ್ನು ನಿಲ್ಲಿಸಿತ್ತು. ಇನ್ವಾಯ್ಸ್ 1,000 ಯೂರೊ, ಬಂದದ್ದು 900. ಬಾಕಿ 100 ಇದೆ, ಗಡುವು ಮುಗಿದಿದೆ, ಹಾಗಾಗಿ ಖಾತೆ ಅಮಾನತು. ಸಾಫ್ಟ್‌ವೇರ್ ತನಗೆ ಹೇಳಿದ್ದನ್ನೇ ಮಾಡಿತ್ತು. ಆ ಕಂಪನಿ ತನ್ನ ದೇಶದ ನಿಯಮದಂತೆ ಹೊರದೇಶಕ್ಕೆ ಕಟ್ಟುವ ಹಣದಲ್ಲಿ 10% ಮುರಿದುಕೊಂಡು, ಅಲ್ಲಿನ ಸರಕಾರಕ್ಕೆ ನಮ್ಮ ಹೆಸರಿನಲ್ಲಿ ಕಟ್ಟಿ, ಪ್ರಮಾಣಪತ್ರವನ್ನೂ ಕಳಿಸಿತ್ತು. ಆ ಪತ್ರ ಸಪೋರ್ಟ್ ವಿಭಾಗದ ಮೇಲ್‌ಬಾಕ್ಸ್‌ನಲ್ಲಿ ಯಾರೂ ತೆರೆಯದೆ ಬಿದ್ದಿತ್ತು. ವ್ಯಕ್ತಿಯೊಬ್ಬ ಹೋಸ್ಟಿಂಗ್ ಬಿಲ್ಲಿನಲ್ಲಿ ಹೀಗೆ ಮುರಿದುಕೊಂಡದ್ದನ್ನು ನಾನು ನೋಡಿಲ್ಲ, ಮುರಿಯುವವರೆಲ್ಲ ಕಂಪನಿಗಳೇ. ಕಂಪನಿಗೂ ವ್ಯಕ್ತಿಗೂ ಇರುವ ಭೇದವನ್ನು ಇನ್ವಾಯ್ಸ್ ಹುಟ್ಟುವ ಜಾಗದಲ್ಲಿ ಮಾತ್ರ ಹುಡುಕುತ್ತಿದ್ದೆವು, ಹಣ ಬರುವ ಜಾಗದಲ್ಲಿಯೂ ಅದು ಇದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಮೇಡಂ ಬಳಿ ಹೋಗಿ, ಈ 100 ಯೂರೊವನ್ನು ರಿಯಾಯಿತಿ ಎಂದು ಬರೆದು ಇನ್ವಾಯ್ಸ್ ಮುಚ್ಚಿಬಿಡಲೇ ಎಂದು ಕೇಳಿದೆ. ಅವರು ನನ್ನನ್ನೇ ನೋಡಿದರು. ನಾನೇ ತಿದ್ದಿಕೊಂಡೆ: ರಿಯಾಯಿತಿ ಅಲ್ಲ, ಹಣ ಪಾವತಿಯಾಗಿದೆ, ನಮ್ಮ ಬ್ಯಾಂಕಿಗೆ ಬಂದಿಲ್ಲ ಅಷ್ಟೇ. ಪಾವತಿಯ ಟೇಬಲ್ ತೆರೆದು ಅಲ್ಲಿಗೂ ಒಂದು "ಕಾರಣ" ಕಾಲಂ ಸೇರಿಸಿದೆ. ಅದರೊಳಗೆ ಮೊದಲು ಬರೆದದ್ದು "ಮೂಲದಲ್ಲಿ ಕಡಿತ, ಪ್ರಮಾಣಪತ್ರ ಲಗತ್ತಿಸಿದೆ". ಬಾಕಿ ಸೊನ್ನೆಯಾಯಿತು, ಅವರ ಸೈಟ್ ಮತ್ತೆ ಎದ್ದಿತು.